ಮಂಗಳಾರತಿಯ ನಂತರ ಬಂದ ರಾಕ್ ಹಾಡು

ನನ್ನ ಮೊದಲ ಆಲ್ಬಂ ಬಿಡುಗಡೆಯಾಗಬೇಕಿದ್ದ ಶುಕ್ರವಾರ ಬೆಳಿಗ್ಗೆ ಅದು ಹಾಡು ಕೇಳುವ ಆ್ಯಪ್‌ನ ನಮ್ಮ ಬ್ಯಾಂಡ್ ಪೇಜಿನಲ್ಲಿ ಇರಲಿಲ್ಲ. ಕತ್ರಿಗುಪ್ಪೆಯ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಮೊಬೈಲ್ ಆಫ್ ಮಾಡಿ, ಆನ್ ಮಾಡಿ, ಮತ್ತೆ ಮತ್ತೆ ಹುಡುಕಿದೆ. ಇಲ್ಲ. ಪರಿಚಯದವರಿಗೆಲ್ಲ ಹಿಂದಿನ ದಿನವೇ "ನಾಳೆ ಬರತ್ತೆ, ಕೇಳಿ" ಎಂದು ಮೆಸೇಜ್ ಹಾಕಿದ್ದೆ. ಅವರೆಲ್ಲ ಈಗ "ಎಲ್ಲಿದೆ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಡ್ರಮ್ಮರ್ ನವೀನ ಹುಳಿಮಾವಿನಿಂದ ಫೋನ್ ಮಾಡಿದ.

"ವಿದ್ಯಾ, ಆಲ್ಬಂ ಸಿಕ್ತು. ಆದ್ರೆ ಬೈಬೇಡ."

"ಎಲ್ಲಿದೆ ಹೇಳೋ."

"ಯಾವುದೋ ಭಜನೆಯವರ ಪೇಜಲ್ಲಿದೆ ಕಣೇ. ಮೇಲೆ ಹೂವಿನ ಅಲಂಕಾರ, ಕೆಳಗೆ ನಮ್ಮ ಫೋಟೋ."

ಇದನ್ನು ಓದುತ್ತಿರುವ, ಬನಶಂಕರಿ ತಾಯಿಯ ಭಕ್ತರಾದ ನಿಮ್ಮಲ್ಲಿ ರಾಕ್ ಸಂಗೀತ ಕೇಳುವವರು ಕಡಿಮೆ ಇರಬಹುದು. ಆದ್ದರಿಂದ ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಹಾಡು ಬರೆಯುತ್ತೇನೆ, ಹಾಡುತ್ತೇನೆ, ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಹಗಲು ಹೊತ್ತು ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಕೆಲಸ. ಬನಶಂಕರಿ ತಾಯಿ ನಮ್ಮ ಮನೆದೇವರು. ಆಕೆಗೆ ಶಾಕಂಬರಿ ಎಂಬ ಹೆಸರೂ ಇದೆಯಲ್ಲ, ಬ್ಯಾಂಡಿಗೆ ಅದನ್ನೇ ಇಟ್ಟೆ. ಆಗ ನವೀನ "ಸಖತ್ ಆಗಿದೆ ಗುರು, ಮೆಟಲ್ ಬ್ಯಾಂಡ್ ಹೆಸರು ಇದ್ದಂಗಿದೆ" ಎಂದಿದ್ದ. ಯಡಿಯೂರಿನಲ್ಲಿ ಅದೇ ಹೆಸರಿನ ಭಜನಾ ಮಂಡಳಿಯೊಂದಿದೆ, ಅವರೂ ಹಾಡುಗಳನ್ನು ಆ್ಯಪ್‌ಗೆ ಹಾಕಿದ್ದಾರೆ ಎಂಬುದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ನಮ್ಮಂತೆ ಹಿಂದೆ ಮುಂದೆ ಯಾರೂ ಇಲ್ಲದ ಸಂಗೀತಗಾರರು ಹಾಡನ್ನು ನೇರವಾಗಿ ಆ್ಯಪ್‌ಗಳಿಗೆ ಕೊಡಲು ಆಗುವುದಿಲ್ಲ. ನಡುವೆ ವಿತರಣೆ ಮಾಡುವ ಸಂಸ್ಥೆಯೊಂದು ಇರುತ್ತದೆ. ಅಲ್ಲಿ ಯಾರೋ, ಅಥವಾ ಯಾವುದೋ ಯಂತ್ರ, ಹೆಸರು ಒಂದೇ ಎಂದು ನಮ್ಮ ಹಾಡುಗಳನ್ನು ಅವರ ಪೇಜಿಗೆ ಸೇರಿಸಿಬಿಟ್ಟಿತ್ತು. ಸರಿಪಡಿಸಿ ಎಂದು ಬರೆದೆ. "ನಿಮ್ಮ ಸಹನೆಗೆ ಧನ್ಯವಾದಗಳು" ಎಂದು ಉತ್ತರ ಬಂತು. ಇಂಥ ಉತ್ತರವನ್ನು ದಿನಾ ಜನರಿಗೆ ಕಳಿಸುವವಳು ನಾನೇ. ಅದರ ಅರ್ಥ ಏನೆಂದು ನನಗೆ ಚೆನ್ನಾಗಿ ಗೊತ್ತು: ಯಾರೂ ನೋಡಿಲ್ಲ.

ಆ ದಿನದ ಸಿಟ್ಟು ನಿಮಗೆ ಅರ್ಥವಾಗಬೇಕಾದರೆ ಅದರ ಹಿಂದಿನದನ್ನೂ ಹೇಳಬೇಕು. ಬಿಡುಗಡೆಗೆ ಮುಂಚೆ ನಾನು ತಟ್ಟದ ಬಾಗಿಲಿಲ್ಲ. ರೇಡಿಯೊದ ಒಬ್ಬರು, "ಕನ್ನಡದಲ್ಲಿ ರಾಕ್ ಯಾರ್ ಕೇಳ್ತಾರೆ ಮೇಡಂ? ಸಿನಿಮಾ ಹಾಡು ಹೇಳ್ತೀರಾ?" ಎಂದರು. ಇನ್ನೊಬ್ಬರು "ಸ್ವಲ್ಪ ಜಾನಪದ ಟಚ್ ಕೊಡಿ" ಎಂದರು. ಜೆಪಿ ನಗರದ ಒಂದು ಪಬ್ಬಿನವರು ಬಿಡುಗಡೆಯ ಕಾರ್ಯಕ್ರಮಕ್ಕೆ ದಿನ ಕೊಟ್ಟು, ಪೋಸ್ಟರ್ ಹಂಚಿದ ಮೇಲೆ, ಅವತ್ತು ಕ್ರಿಕೆಟ್ ಮ್ಯಾಚ್ ಇದೆ ಎಂದು ರದ್ದು ಮಾಡಿದರು. ಆಫೀಸಿನ ಗೆಳತಿಯರು "ಕೇಳ್ತೀನಿ ಕಣೇ, ಪಕ್ಕಾ" ಎನ್ನುತ್ತಿದ್ದರು. ಹಾಡಿಗಿಂತ ಹೆಚ್ಚು ಹೊತ್ತು ನಾನು ಮೊಬೈಲಿನ ಮುಂದೆ ಕುಣಿದು ಚಿಕ್ಕ ಚಿಕ್ಕ ವಿಡಿಯೊ ಮಾಡಿದೆ. ನನ್ನ ಮುಖ ನೋಡಿ ನನಗೇ ಬೇಸರ ಬರುವಷ್ಟು ಮಾಡಿದೆ. ಅದರಲ್ಲಿ ಜನ ಮೆಚ್ಚಿದ್ದು ಹಿಂದೆ ಮಲಗಿದ್ದ ಪಕ್ಕದ ಮನೆಯ ಬೆಕ್ಕನ್ನು.

ಮನೆಯಲ್ಲಿಯೂ ನೆಮ್ಮದಿ ಇರಲಿಲ್ಲ. ನನ್ನ ಅಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಬಸ್ಸುಗಳ ಗದ್ದಲದ ಮೇಲೆ ಕೂಗಿ ಕೂಗಿ ಅಭ್ಯಾಸವಾದ ದನಿ. ನಿವೃತ್ತರಾದ ಮೇಲೂ ಅವರು ಕಾಫಿ ಕೇಳಿದರೆ ಎದುರು ಮನೆಯವರಿಗೆ ತಿಳಿಯುತ್ತಿತ್ತು. ಹೋದ ದೀಪಾವಳಿ ಕಳೆದ ಕೆಲವೇ ದಿನಕ್ಕೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಜಯನಗರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. "ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗತ್ತೆ, ಆದ್ರೆ ಪದ ಸಿಗಲ್ಲ" ಎಂದು ಡಾಕ್ಟರು ವಿವರಿಸಿದರು. ಅಂದಿನಿಂದ ಅಪ್ಪನ ಬಾಯಲ್ಲಿ "ಅದು... ಅದು..." ಎಂಬುದೊಂದೇ. ಜೆಪಿ ನಗರಕ್ಕೆ ಸ್ಪೀಚ್ ಥೆರಪಿಗೆ ಆಟೊದಲ್ಲಿ ಕರೆದೊಯ್ಯುತ್ತಿದ್ದೆವು. ಥೆರಪಿಸ್ಟ್ ಲೋಟದ ಚಿತ್ರ ತೋರಿಸುತ್ತಿದ್ದರು. ಅಪ್ಪ ಲೋಟವನ್ನೇ ನೋಡುತ್ತಿದ್ದರು, ತುಟಿ ಅದುರುತ್ತಿತ್ತು, ಕೊನೆಗೆ ಎಡಗೈಯಿಂದ ಚಿತ್ರವನ್ನು ತಳ್ಳಿಬಿಡುತ್ತಿದ್ದರು.

ಡಾಕ್ಟರು ಮನೆಯಲ್ಲಿ ಗದ್ದಲ ಬೇಡ ಎಂದಿದ್ದರು. ಅದಕ್ಕೆ ತಾರಸಿಯ ಕೋಣೆಯಲ್ಲಿದ್ದ ನನ್ನ ಆ್ಯಂಪ್ಲಿಫೈಯರನ್ನು ನವೀನನ ಮನೆಗೆ ಸಾಗಿಸಿದೆ. ಉಳಿದ ರೆಕಾರ್ಡಿಂಗನ್ನು ಹೊರಗೇ ಮುಗಿಸಿದೆ. ಮನೆಯಲ್ಲಿ ಸಂಗೀತವೆಂದರೆ ಬೆಳಿಗ್ಗೆ ಅಮ್ಮ ತನ್ನ ಫೋನಿನಲ್ಲಿ ಹಾಕುತ್ತಿದ್ದ ಭಜನೆ ಮಾತ್ರ.

ಮಂಗಳವಾರ ರಾಹುಕಾಲಕ್ಕೆ ನಾನೂ ಅಮ್ಮನೂ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದೆವು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬರುತ್ತಿದ್ದೆ. ಅಮ್ಮನ ದೀಪ ಅಪ್ಪನ ಮಾತಿಗೆ, ನನ್ನ ದೀಪ ಆಲ್ಬಮಿಗೆ. ಹೀಗೆಂದು ನಾವು ಮಾತಾಡಿಕೊಂಡು ಹಂಚಿಕೊಂಡಿರಲಿಲ್ಲ. ಆದರೆ ಇಬ್ಬರಿಗೂ ಗೊತ್ತಿತ್ತು. ಒಂದು ದಿನ ಅಮ್ಮ, "ನೀನು ಏನ್ ಬೇಡ್ಕೊಂಡೆ?" ಎಂದು ಕೇಳಿದಳು. "ನನ್ನ ಹಾಡು ಜನ ಕೇಳೋ ಹಾಗಾಗ್ಲಿ ಅಂತ," ಎಂದೆ. ಅವಳು ಬತ್ತಿ ಸರಿಮಾಡಿದಳು.

ಬಿಡುಗಡೆ ಹಾಳಾದ ಆ ಶುಕ್ರವಾರ ಸಂಜೆ ನಾನೊಬ್ಬಳೇ ಗುಡಿಗೆ ಹೋದೆ. ದೀಪ ಹಚ್ಚಲಿಲ್ಲ. ಸಾಲಿನಲ್ಲಿ ತಳ್ಳಿಸಿಕೊಂಡು ತಾಯಿಯ ಎದುರಿಗೆ ಬಂದಾಗ ಕೈ ಮುಗಿಯಲೂ ಮನಸ್ಸಾಗಲಿಲ್ಲ. "ನಿನ್ನ ಹೆಸರಿಟ್ಟಿದ್ದಕ್ಕೆ ಇದಾ? ಬೇರೆ ಯಾವ ಹೆಸರಿಟ್ಟಿದ್ರೂ ಹೀಗಾಗ್ತಿರ್ಲಿಲ್ಲ. ಕೇಳೋರು ಇಲ್ವಲ್ಲ ಅಂದ್ರೆ, ಬೈಯೋರನ್ನ ಕಳಿಸಿದ್ಯಾ?" ಎಂದು ಮನಸ್ಸಿನಲ್ಲೇ ಜಗಳ ಆಡಿದೆ. ಹಿಂದಿನವರು "ಮುಂದೆ ಹೋಗಿ ಮೇಡಂ" ಎಂದರು. ಹೋದೆ.

ಬೈಯುವವರು ಅಂದೆನಲ್ಲ, ಅವರು ನಿಜವಾಗಿಯೂ ಇದ್ದರು. ಒಂದು ಹಾಡು ಮುಗಿದರೆ ಪೇಜಿನ ಮುಂದಿನ ಹಾಡನ್ನು ಆ್ಯಪ್ ತಾನಾಗಿಯೇ ಹಾಕುವುದರಿಂದ ಭಜನೆ ಕೇಳಲು ಬಂದವರಿಗೆ ನಮ್ಮ ಡ್ರಮ್ಸ್ ಸಿಕ್ಕಿ, ಶುಕ್ರವಾರವೇ ಬೈಗುಳದ ಮೆಸೇಜುಗಳು ಬರತೊಡಗಿದ್ದವು. ಶನಿವಾರ ಮಂಡಳಿಯ ಮುಖ್ಯಸ್ಥೆ ಶಾರದಮ್ಮನವರು ನನ್ನ ನಂಬರು ಹುಡುಕಿ ಫೋನ್ ಮಾಡಿದರು.

"ನೀವೇನಮ್ಮ ಶಾಕಂಬರಿ?"

"ಹೌದು, ನೀವು ಯಾರು?"

"ನಾನೂ ಶಾಕಂಬರಿನೇ. ಯಡಿಯೂರಿಂದ. ನೋಡಮ್ಮ, ನಮ್ಮ ಮಂಗಳಾರತಿ ಮುಗಿದ ತಕ್ಷಣ ನಿಮ್ಮ ಡಬಡಬ ಶುರುವಾಗತ್ತೆ. ನಮ್ಮ ಬೀಗಿತ್ತಿ ದೇವರ ಮನೇಲಿ ಹೆದರಿ ಆರತಿ ತಟ್ಟೆ ಬೀಳಿಸಿದ್ದಾರೆ."

ನಾನು ಕ್ಷಮೆ ಕೇಳಿದೆ, ಸಂಸ್ಥೆಗೆ ಬರೆದಿದ್ದೇನೆ ಎಂದೆ. "ಬೇಗ ತೆಗೆಸಿ, ಎಲ್ರೂ ನನ್ನ ಕೇಳ್ತಿದ್ದಾರೆ" ಎಂದು ಅವರು ಫೋನ್ ಇಟ್ಟರು. ನನ್ನ ಸಂಗೀತವನ್ನು ಕೊನೆಗೂ ಕೇಳಿದವರು ಅದನ್ನು ತೆಗೆಸಲು ಫೋನ್ ಮಾಡುತ್ತಿದ್ದರು. ನವೀನ ಇದನ್ನು ಕೇಳಿ ನಕ್ಕ. ನನಗೆ ಅವನ ನಗುವನ್ನೂ ಸಹಿಸಲಾಗಲಿಲ್ಲ. ಇನ್ನು ಸಾಕು, ಗಿಟಾರ್ ಮಾರಿಬಿಡುತ್ತೇನೆ ಎಂದೆ. ಹಾಗೆ ಹೇಳಿದ್ದು ತಮಾಷೆಗಲ್ಲ.

ಮಂಗಳವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಅಪ್ಪನ ಗಂಜಿ ಕಲಸುತ್ತಾ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದೇ ವಿಷಯಕ್ಕೆ ನವೀನನ ಜೊತೆ ವಾದ ಮಾಡುತ್ತಿದ್ದೆ. ಅಮ್ಮ ದೇವರ ಮನೆಯಲ್ಲಿದ್ದಳು. ಅಪ್ಪ ಹಾಲಿನಲ್ಲಿ ಕುರ್ಚಿಯ ಮೇಲೆ. ಅಮ್ಮನ ಫೋನ್ ಎಂದಿನಂತೆ ಹಾಲಿನ ಟೀಪಾಯಿಯ ಮೇಲಿತ್ತು, ಭಜನೆ ನಡೆದಿತ್ತು. ದಿನಾ ಮಂಗಳಾರತಿ ಹಾಡು ಮುಗಿದೊಡನೆ ಅಮ್ಮ ಅದನ್ನು ನಿಲ್ಲಿಸುತ್ತಿದ್ದಳು. ಅಂದು ಅವಳ ಕೈ ತುಂಬ ಹೂವಿತ್ತು, ಎದ್ದು ಬರಲಿಲ್ಲ. ಹಾಡು ಮುಗಿಯಿತು. ಒಂದು ಕ್ಷಣ ಬಿಟ್ಟು, ನಮ್ಮ ಮನೆಯ ಹಾಲಿನಲ್ಲಿ ನವೀನನ ಡ್ರಮ್ಸ್ ಸಿಡಿಯಿತು.

ಅಮ್ಮ ದಿನಾ ಕೇಳುತ್ತಿದ್ದ ಭಜನೆ ಶಾರದಮ್ಮನವರ ಮಂಡಳಿಯದೇ ಎಂಬುದು ಆಗಲೇ ನನಗೆ ಹೊಳೆದದ್ದು.

"ವಿದ್ಯಾ, ಆಫ್ ಮಾಡೇ! ಅಪ್ಪಂಗೆ ತೊಂದ್ರೆ ಆಗತ್ತೆ!" ಎಂದು ಅಮ್ಮ ಕೂಗಿದಳು. ಗಂಜಿಯ ಕೈಯಲ್ಲೇ ಓಡಿದೆ.

ಅಪ್ಪ ಮುಂದಕ್ಕೆ ಬಾಗಿದ್ದರು. ಎಡಗೈ ಕುರ್ಚಿಯ ಮೇಲೆ ತಾಳ ಹಾಕುತ್ತಿತ್ತು. ಬಂದಿದ್ದು "ಇನ್ನೂ ಇಲ್ಲೇ ಇದ್ದೀನಿ" ಎಂಬ ಹಾಡು. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಸಿಕ್ಕಿಕೊಂಡು, ತಡವಾಯಿತೆಂದು ಆಫೀಸಿನಿಂದ ಬೈಸಿಕೊಂಡ ಕೋಪದಲ್ಲಿ ಬರೆದದ್ದು. ಅದನ್ನು ಬರೆದ ಬೇಸಿಗೆಯಲ್ಲಿ ತಾರಸಿಯ ಕೋಣೆಯಲ್ಲಿ ಎಷ್ಟು ಸಲ ಹಾಡಿ ಹಾಡಿ ತಿದ್ದಿದೆನೋ ಲೆಕ್ಕವಿಲ್ಲ. ಆಗ ಅಪ್ಪ ಹೊರಗೆ ಕುಂಡಗಳಿಗೆ ನೀರು ಹಾಕುತ್ತಿದ್ದರು. ಅವರು ಕೇಳುತ್ತಿದ್ದರೆಂದು ನಾನು ಅಂದುಕೊಂಡಿರಲೇ ಇಲ್ಲ. ಪಲ್ಲವಿ ಬಂತು. ಅಪ್ಪ ಬಾಯಿ ತೆರೆದರು.

"ಇಲ್ಲೇ... ಇದ್ದೀನಿ. ಇನ್ನೂ... ಇಲ್ಲೇ ಇದ್ದೀನಿ."

ರಾಗ ಸರಿಯಾಗಿಯೇ ಇತ್ತು. ದನಿ ಒಡಕು. ಆದರೆ ಅಪ್ಪನದೇ ದನಿ.

ಅಮ್ಮ ದೇವರ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಹೂವೆಲ್ಲ ಕೆಳಗೆ ಬಿದ್ದಿತ್ತು. ಹಾಡು ಮುಂದೆ ಹೋದಂತೆ ಅಪ್ಪನಿಗೆ ಪದ ಸಿಗಲಿಲ್ಲ, ಬರಿದೇ ಗುನುಗಿದರು. ಪಲ್ಲವಿ ತಿರುಗಿ ಬಂದಾಗ ಮತ್ತೆ ಹಾಡಿದರು. ಈ ಸಲ ಮುಂದಿನ ಸಾಲೂ ಬಂತು: "ದಾರಿ ಬಿಟ್ಟರೆ ಬರ್ತೀನಿ." ನನ್ನ ಮುಖ ನೋಡಿ ಹಾಡಿದರು.

ಹಾಡು ಮುಗಿಯಿತು. ಅಮ್ಮ ಕಣ್ಣೊರೆಸಿಕೊಳ್ಳದೆ, "ಇನ್ನೊಂದ್ಸಲ ಹಾಕೇ," ಎಂದಳು. ನನ್ನ ಕಿವಿಯ ಇಯರ್‌ಫೋನಿನಲ್ಲಿ ನವೀನ ಇನ್ನೂ ಇದ್ದ. "ಯಾರೇ ಅದು ಹಾಡಿದ್ದು?" ಎಂದು ಕೇಳುತ್ತಿದ್ದ. ನಾನು ಗಂಜಿಯ ಕೈಯಲ್ಲೇ ಹಾಡನ್ನು ಮತ್ತೆ ಹಾಕಿದೆ.

ಥೆರಪಿಸ್ಟ್ ಇದನ್ನು ಕೇಳಿ ಆಶ್ಚರ್ಯಪಡಲಿಲ್ಲ, ಸಂತೋಷಪಟ್ಟರು. "ಮಾತು ಬರ್ದೇ ಇರೋರು ಎಷ್ಟೋ ಜನ ಹಾಡ್ತಾರೆ. ನಾನೂ ಹಳೇ ಹಾಡುಗಳನ್ನ ಹಾಕಿ ನೋಡಿದ್ದೆ, ಅಂಕಲ್ ಬಾಯೇ ತೆಗೀಲಿಲ್ಲ. ಇದು ಯಾವ ಹಾಡು?" ಎಂದರು. ನನ್ನದು ಎಂದೆ. ಈಗ ಅವರು ಅದೇ ರಾಗಕ್ಕೆ ಬೇರೆ ಮಾತು ಕೂಡಿಸಿ ಕಲಿಸುತ್ತಾರೆ. "ನೀರು ಬೇಕು", "ಕಾಫಿ ಬೇಕು" ಎಂಬುದನ್ನು ಅಪ್ಪ ನನ್ನ ಪಲ್ಲವಿಯ ಧಾಟಿಯಲ್ಲಿ ಕೇಳುತ್ತಾರೆ. ಎಲ್ಲ ಮಾತೂ ಬಂದಿಲ್ಲ. ಬಾರದ ದಿನ ಈಗಲೂ ಕೋಪದಿಂದ ಲೋಟ ತಳ್ಳುತ್ತಾರೆ. ಆದರೆ ದಾರಿಯೊಂದು ತೆರೆದಿದೆ.

ಇದು ಮೆದುಳಿನ ವಿಷಯ, ದೇವರದ್ದೇನಿದೆ ಎಂದು ಕೆಲವರು ಹೇಳಬಹುದು. ಥೆರಪಿಸ್ಟ್ ಹೇಳಿದ್ದೆಲ್ಲವನ್ನೂ ನಾನು ಒಪ್ಪುತ್ತೇನೆ. ಆದರೆ ಆ ಹಾಡನ್ನು ಮನೆಯಲ್ಲಿ ನಾನಾಗಿ ಎಂದೂ ಹಾಕುತ್ತಿರಲಿಲ್ಲ. ಅಪ್ಪನಿಗೆ ತೊಂದರೆಯಾಗುತ್ತದೆಂದು ಆ್ಯಂಪ್ಲಿಫೈಯರನ್ನೇ ಮನೆಯಿಂದ ಹೊರಗೆ ಹಾಕಿದವಳು ನಾನು. ಅದು ನಮ್ಮ ಹಾಲಿಗೆ ಬರಲು ತಾಯಿಯ ಹೆಸರೊಂದೇ ದಾರಿಯಾಯಿತು. ನಾನೂ ಅಮ್ಮನೂ ಬೇರೆ ಬೇರೆಯಾಗಿ ಬೇಡಿದ್ದನ್ನು ಆಕೆ ಒಟ್ಟಿಗೆ ಕೇಳಿಸಿಕೊಂಡಳು ಎಂದು ನಾನು ನಂಬುತ್ತೇನೆ. ಈ ನಂಬಿಕೆಯನ್ನು ಯಾರೊಂದಿಗೂ ವಾದಕ್ಕೆ ಇಡುವುದಿಲ್ಲ.

ಶಾರದಮ್ಮನವರಿಗೆ ಫೋನ್ ಮಾಡಿ ನಡೆದದ್ದನ್ನು ತಿಳಿಸಿದೆ. "ಹಾಗಿದ್ರೆ ಅದು ಅಲ್ಲೇ ಇರ್ಲಿ ಬಿಡಮ್ಮ. ಬೀಗಿತ್ತಿಗೆ ನಾನು ಹೇಳ್ಕೋತೀನಿ," ಎಂದರು. ನಾನು ಸಂತೋಷದಿಂದ ಸಂಸ್ಥೆಗೆ ಬರೆದೆ, ಬದಲಾವಣೆ ಬೇಡ ಎಂದು. ಅಷ್ಟು ದಿನ ಅಲುಗಾಡದಿದ್ದವರು ಮರುದಿನವೇ ಹಾಡುಗಳನ್ನು ನಮ್ಮ ಪೇಜಿಗೆ ವರ್ಗಾಯಿಸಿದರು. ಭಜನೆಯವರ ಕೃಪೆಯಿಂದ ಬಂದಿದ್ದ ಕೇಳುಗರ ಲೆಕ್ಕ ಸೊನ್ನೆಗೆ ಇಳಿಯಿತು. ಆ ದಿನ ಸಂಸ್ಥೆಯವರ ಬಗ್ಗೆ ನವೀನನ ಮುಂದೆ ನಾನು ಆಡಿದ ಮಾತುಗಳು ಭಕ್ತರು ಓದುವ ಜಾಗದಲ್ಲಿ ಬರೆಯುವಂಥವಲ್ಲ. ಪಬ್ಬಿನವರು ಇವತ್ತಿಗೂ ಫೋನ್ ಮಾಡಿಲ್ಲ. ರೇಡಿಯೊದವರೂ ಇಲ್ಲ. ಗಿಟಾರ್ ಮಾತ್ರ ಮಾರಲಿಲ್ಲ. ತಾರಸಿಯ ಕೋಣೆಗೆ ಆ್ಯಂಪ್ಲಿಫೈಯರ್ ವಾಪಸು ಬಂದಿದೆ.

ಹೋದ ವಾರ ಅಪ್ಪನನ್ನು ಕಾಯಿಲೆಯಾದ ಮೇಲೆ ಮೊದಲ ಬಾರಿಗೆ ಗುಡಿಗೆ ಕರೆದೊಯ್ದೆವು. ನವೀನ ಒಂದು ತೋಳು ಹಿಡಿದ, ನಾನು ಇನ್ನೊಂದು. ತಾಯಿಯ ಎದುರು ನಿಂತಾಗ ಸುತ್ತಲಿನವರು ಅವರವರ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಅಪ್ಪ ಎಡಗೈಯನ್ನು ಎದೆಗಿಟ್ಟು, ತಮಗೆ ಬರುವುದನ್ನೇ ಹಾಡಿದರು. ಬಸ್ ನಿಲ್ದಾಣದ ದನಿ ಪೂರ್ತಿಯಾಗಿ ಮರಳಿಲ್ಲ, ಆದರೂ ಸಾಲಿನ ಕೊನೆಗೆ ಕೇಳಿಸುವಷ್ಟಿತ್ತು. "ಇಲ್ಲೇ ಇದ್ದೀನಿ, ಇನ್ನೂ ಇಲ್ಲೇ ಇದ್ದೀನಿ, ದಾರಿ ಬಿಟ್ಟರೆ ಬರ್ತೀನಿ."

ಅರ್ಚಕರು ಆರತಿ ತಟ್ಟೆ ಹಿಡಿದೇ ತಿರುಗಿದರು. "ಬಹಳ ಚೆನ್ನಾಗಿದೆ. ಯಾರ ದೇವರನಾಮ ಇದು?"

ನನ್ನ ಬ್ಯಾಂಡಿನ ವಿಷಯವನ್ನು ನೆಂಟರಿಗೂ ಹೇಳದ ನನ್ನ ಅಮ್ಮ ತಲೆಯೆತ್ತಿ, "ನನ್ನ ಮಗಳದ್ದು," ಎಂದಳು. "ರಾಕ್ ಹಾಡು."

ಅರ್ಚಕರು ನನ್ನನ್ನೊಮ್ಮೆ ನೋಡಿ, ತಾಯಿಯ ಮೇಲಿನ ಹೂವನ್ನು ತಂದು ನನ್ನ ಕೈಗೆ ಹಾಕಿದರು.

ತಾಯಿ, ನಿನಗೆ ಕೋಟಿ ನಮಸ್ಕಾರ. ನನಗೆ ಇಷ್ಟೇ ಸಾಕು ಎಂದು ನಿನ್ನೆದುರು ಸುಳ್ಳು ಹೇಳಲಾರೆ. ಜನ ನನ್ನ ಹಾಡು ಕೇಳಬೇಕೆಂಬ ಆಸೆ ಹೋಗಿಲ್ಲ, ಜಗಳವೂ ಮುಗಿದಿಲ್ಲ. ಆದರೆ ನಾನು ಕೇಳಿದ್ದು ನಿನಗೆ ಕೇಳಿಸುತ್ತದೆ. ಅದರಲ್ಲಿ ನನಗೆ ಇನ್ನು ಅನುಮಾನವಿಲ್ಲ.