ಶಿಸ್ತಿನ ಪುಸ್ತಕದ ಮೂರು ಸಾಲು

ಮಣಿಪಾಲದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದವಳೇ ನಾನು ನಮ್ಮ ಶಾಲೆಗೊಂದು ಶಿಸ್ತಿನ ಪುಸ್ತಕ ಮಾಡಿದೆ. ಮಕ್ಕಳ ಯಾವ ವರ್ತನೆ ಸರಿಯಲ್ಲ, ಅದನ್ನು ಗುರುತಿಸುವುದು ಹೇಗೆ ಎಂಬುದೇ ತರಬೇತಿಯ ವಿಷಯ. ಒಮ್ಮೆ ಆದದ್ದನ್ನು ಬಿಡಿ, ಮತ್ತೆ ಮತ್ತೆ ಆಗುವುದನ್ನು ಗಮನಿಸಿ, ಆಮೇಲೆ ಕಾರಣ ಕೇಳಿ ಎಂದಿದ್ದರು. ಗಮನಿಸುವುದರಲ್ಲಿ ನಾನು ಭಾರೀ ಹುಷಾರು. ಕೇಳುವುದಕ್ಕೆ ಮಾತ್ರ ಪುರುಸೊತ್ತಿರಲಿಲ್ಲ.

ನನ್ನ ಎಂಟನೆಯ ತರಗತಿಯಲ್ಲಿ ಕೆಮ್ಮಣ್ಣು ಎಂಬ ಊರಿನಿಂದ ಬರುವ ಹುಡುಗಿಯೊಬ್ಬಳಿದ್ದಳು. ನಾಲ್ಕೈದು ದಿನ ಸಾಲಾಗಿ ತಡವಾಗಿ ಬರುತ್ತಿದ್ದಳು, ಆಮೇಲೆ ಹತ್ತು ದಿನ ಗಂಟೆ ಹೊಡೆಯುವ ಮುಂಚೆಯೇ ಹಾಜರು. ಬಸ್ಸಿನ ತೊಂದರೆಯಾಗಿದ್ದರೆ ದಿನವೂ ತಡವಾಗಬೇಕಿತ್ತು, ಇದು ಬೇಕೆಂದೇ ಮಾಡುವುದು ಎಂದು ತೀರ್ಮಾನಿಸಿದೆ. ತಡವಾದ ದಿನ ಪಾಠದ ನಡುವೆ ತೂಕಡಿಸುತ್ತಿದ್ದಳು. ಉಗುರು ನೋಡಲು ಕೈ ಚಾಚು ಎಂದರೆ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಪುಸ್ತಕದಲ್ಲಿ ಅವಳ ಹೆಸರಿನ ಕೆಳಗೆ ಮೂರು ಸಾಲು ಬರೆದೆ: ಬೇಕೆಂದೇ ತಡ, ತರಗತಿಯಲ್ಲಿ ನಿದ್ದೆ, ಅವಿಧೇಯತೆ. ಮೂರು ಸಾಲಾದರೆ ಹೆತ್ತವರನ್ನು ಕರೆಸಬೇಕೆಂಬುದು ನಾನೇ ಮಾಡಿದ ನಿಯಮ.

ಅವಳ ಅಮ್ಮ ಬಂದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಎಷ್ಟೋ ಆದಿತ್ಯವಾರ ಹೊಳೆಯ ಸೇತುವೆಯ ಹತ್ತಿರ ನಾನು ಮರುವಾಯಿ ಎಂಬ ಚಿಪ್ಪುಮೀನು ಕೊಳ್ಳುತ್ತಿದ್ದುದು ಅವರಿಂದಲೇ. ಇವತ್ತೇ ಹೆಕ್ಕಿದ ಚಿಪ್ಪು ತಾನೇ ಎಂದು ಪ್ರತಿ ಸಲವೂ ಗದರಿಸುವ ಹಾಗೆ ಕೇಳುತ್ತಿದ್ದೆ. ಅವರ ಬೆರಳುಗಳ ತುಂಬ ಚಿಪ್ಪು ಕೊಯ್ದ ಗಾಯ. ಮಗಳು ಕೈ ಯಾಕೆ ಅಡಗಿಸುತ್ತಿದ್ದಳು ಎಂಬುದು ಆಗ ತಿಳಿಯಿತು.

"ಹೊಳೆಯಲ್ಲಿ ನೀರು ಇಳಿದಾಗಲೇ ಹೆಕ್ಕಬೇಕಲ್ವಾ ಟೀಚರ್. ಅದರ ಹೊತ್ತು ದಿನಾ ಒಂದೇ ಅಲ್ಲ. ಬೆಳಿಗ್ಗೆ ಇಳಿಯುವ ನಾಲ್ಕು ದಿನ ಹೆಕ್ಕಲಿಕ್ಕೆ, ದೋಣಿ ಹರಿದು ಹೋಗದ ಹಾಗೆ ಹಿಡಿಯಲಿಕ್ಕೆ ಇವಳು ಬೇಕಾಗ್ತದೆ. ನಿಮಗೆ ಗೊತ್ತುಂಟಲ್ಲ."

ಗೊತ್ತಿತ್ತು. ನಾನು ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವಳು. ಕಡಲಿನ ಇಳಿತದ ಜೊತೆ ಹೊಳೆಯ ನೀರೂ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ ತಡವಾಗಿ ಇಳಿಯುತ್ತದೆಂಬುದು ನನಗೆ ಮಗ್ಗಿ ಕಲಿಯುವ ಮೊದಲೇ ಗೊತ್ತಿತ್ತು. ಆದರೆ ಹೆಡ್‌ಮಾಸ್ಟರು ಪಕ್ಕದಲ್ಲೇ ಕೂತಿದ್ದರು. ನಾನೇ ಮಾಡಿದ ನಿಯಮವನ್ನು ನಾನೇ ಮುರಿದರೆ ಮರ್ಯಾದೆ ಏನಾದೀತು? ಕಾರಣ ಏನೇ ಇರಲಿ, ಸಮಯವೆಂದರೆ ಸಮಯ ಎಂದುಬಿಟ್ಟೆ. ಅವರು ಸಹಿ ಹಾಕಿ ಹೋದರು. ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಮರುದಿನದಿಂದ ಹುಡುಗಿ ಒಂದು ದಿನವೂ ತಡ ಮಾಡಲಿಲ್ಲ. ಶಿಕ್ಷಕರ ಸಭೆಯಲ್ಲಿ ಹೆಡ್‌ಮಾಸ್ಟರು ನನ್ನ ಪುಸ್ತಕವನ್ನು ಹೊಗಳಿದರು, ಉಳಿದವರೂ ಇದನ್ನು ನೋಡಿ ಕಲಿಯಬೇಕೆಂದರು. ನಾನು ಮಾನಗೆಟ್ಟವಳಂತೆ ನಕ್ಕೆ. ಆ ಮೂರು ಸಾಲನ್ನು ಹೊಡೆದುಹಾಕುವ ಧೈರ್ಯ ಆಗಲೂ ಬರಲಿಲ್ಲ.

ತಿಂಗಳಾದ ಮೇಲೆ ಮನಸ್ಸು ತಡೆಯದೆ ಅವಳನ್ನು ವರಾಂಡದಲ್ಲಿ ನಿಲ್ಲಿಸಿ, ಅಮ್ಮ ಮರುವಾಯಿ ಹೆಕ್ಕುವುದನ್ನು ಬಿಟ್ಟರಾ ಎಂದು ಕೇಳಿದೆ.

"ಇಲ್ಲ ಟೀಚರ್. ಈಗ ಒಬ್ಬರೇ ಹೋಗ್ತಾರೆ."

"ಮತ್ತೆ ದೋಣಿ ಹಿಡಿಯುವವರು?"

"ಯಾರೂ ಇಲ್ಲ. ದೋಣಿಯ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಇಳಿತಾರೆ."

ಅಷ್ಟರಲ್ಲಿ ಗಂಟೆ ಹೊಡೆಯಿತು. ತಡವಾಗ್ತದೆ ಟೀಚರ್ ಎಂದು ಹೇಳಿ ಅವಳು ತರಗತಿಗೆ ಓಡಿದಳು.