ಟಾಂಜಾನಿಯಾಕ್ಕೆ ಹೊರಟಿದ್ದ ಅಕ್ಕೋರು

ತುರುಬಿಗೆ ಹೂ ಮುಡಿಯುವ ಜಾಗದಲ್ಲಿ ಅವರು ನೀಲಿ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದರು. ಬಿಳಿ ಸುಣ್ಣದಲ್ಲಿ ಬೋರ್ಡಿನ ತುಂಬ ಒಂದು ಖಂಡವನ್ನು ಬರೆದು ಮುಗಿಸಿ, ನಮ್ಮ ಕಡೆ ತಿರುಗದೆಯೇ ಕೈ ಹಿಂದಕ್ಕೊಯ್ದು ನೀಲಿಯನ್ನು ಎಳೆದು ನದಿ ಹರಿಸುತ್ತಿದ್ದರು. ಸಂಜೆ ಮನೆಗೆ ಹೋಗುವಾಗ ನರೆಗೂದಲಿನಲ್ಲಿ ನೀಲಿ ಪುಡಿ ಹಾಗೇ ಉಳಿದಿರುತ್ತಿತ್ತು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ಶಿರಸಿಯ ನಮ್ಮ ಹೈಸ್ಕೂಲಿನಲ್ಲಿ ಇವರು ಭೂಗೋಳದ ಅಕ್ಕೋರು.

ಅಂಥವರು ಹಾಗೆ ಹೋದರು ಎಂಬುದನ್ನು ನಾನು ಇವತ್ತಿಗೂ ಸರಿಯಾಗಿ ನಂಬಿಲ್ಲ.

ಮದುವೆಯಾಗಿರಲಿಲ್ಲ. ನಮ್ಮ ಓಣಿಯಲ್ಲೇ ಎರಡು ಕೋಣೆಯ ಬಾಡಿಗೆ ಮನೆ. ತವರುಮನೆ ಕಾನಸೂರು ದಾಟಿ ಇನ್ನೂ ಒಳಗೆ, ಸಿದ್ದಾಪುರದ ಕಡೆಯ ಕಾಡಂಚಿನಲ್ಲಿ. ಅಲ್ಲಿ ಅವರ ಅಣ್ಣ ಇದ್ದರು. ಲೋಕವನ್ನೆಲ್ಲ ನಮಗೆ ತೋರಿಸಿದ ಅಕ್ಕೋರು ಸ್ವತಃ ಹುಬ್ಬಳ್ಳಿಯಿಂದ ಆಚೆ ಹೋದವರಲ್ಲ. ಯಾರು ಯಾವ ಊರಿನಿಂದ ಬಂದರೂ ಅವರ ಮೊದಲ ಪ್ರಶ್ನೆ, “ಅಲ್ಲಿ ಮಣ್ಣು ಎಂತ ಬಣ್ಣ?” ಮುಂಬಯಿಯಿಂದ ಬಂದ ನಮ್ಮ ಚಿಕ್ಕಪ್ಪನಿಗೂ ಇದನ್ನೇ ಕೇಳಿದ್ದರು. ಅವನು ತಲೆ ಕೆರೆದುಕೊಂಡು, ಡಾಂಬರು ಬಿಟ್ಟು ಬೇರೆ ನೋಡಿಲ್ಲ ಎಂದಿದ್ದ. “ನಕ್ಷೆ ನೋಡಿದ್ರೆ ಊರು ನೋಡಿದ ಹಾಗಲ್ಲ, ಬರೀ ವಿಳಾಸ ಗೊತ್ತಾದ ಹಾಗೆ” ಎಂದು ತರಗತಿಯಲ್ಲಿ ಹೇಳುತ್ತಿದ್ದರು.

ಆಫ್ರಿಕಾದ ಪಾಠದ ದಿನ ನನ್ನ ಪಕ್ಕ ಕೂರುತ್ತಿದ್ದ ಯಲ್ಲಾಪುರದ ಹುಡುಗಿ ಎದ್ದು ನಿಂತು, ಸಮಭಾಜಕ ವೃತ್ತದ ಹತ್ತಿರ ಅಷ್ಟು ಸೆಕೆ ಇರುವಾಗ ಪರ್ವತದ ಮೇಲೆ ಹಿಮ ಹೇಗೆ ನಿಲ್ಲುತ್ತದೆ ಎಂದು ಕೇಳಿದಳು. ಅಕ್ಕೋರು ಎತ್ತರದ ಲೆಕ್ಕವನ್ನೆಲ್ಲ ವಿವರಿಸಿದರು. ಆಮೇಲೆ ಪಾಠದ ಭಾಷೆ ಬಿಟ್ಟು ಮನೆಯ ಮಾತಿನಲ್ಲಿ, “ಆನೂ ನೋಡಿದ್ದಿಲ್ಲೆ. ನಿಂಗ ಯಾರಾದ್ರೂ ನೋಡ್ಕ್ಯಂಡು ಬಂದು ಎಂಗೆ ಹೇಳಿ” ಎಂದರು.

ಆ ಹುಡುಗಿ ಹೋದಳು. ಮದುವೆಯಾಗಿ ಟಾಂಜಾನಿಯಾದಲ್ಲಿ, ಆ ಪರ್ವತ ಕಾಣುವ ಊರಿನಲ್ಲೇ ಶಾಲೆಯ ಕೆಲಸಕ್ಕೆ ಸೇರಿದಳು. ನಾನು ಓಣಿಯ ತುದಿಯಲ್ಲಿ ಎಸ್‌ಟಿಡಿ ಬೂತ್ ಇಟ್ಟೆ. ಅವಳ ಫೋನು ನನ್ನ ಬೂತಿಗೇ ಬರುತ್ತಿತ್ತು. ಅಕ್ಕೋರು ನಿವೃತ್ತರಾದ ಮರುವರ್ಷ ಒಂದು ದಿನ, “ಟಿಕೆಟ್ ಕಳಿಸ್ತೆ, ಅಕ್ಕೋರ ಹೊರಡ್ಸು” ಎಂದಳು. ಅಕ್ಕೋರು ಬೂತಿನ ಬೆಂಚಿನ ಮೇಲೆ ಕೂತು, ಸುದ್ದಿ ಕೇಳಿ, ಸೆರಗಿನಲ್ಲಿ ಕನ್ನಡಕ ಒರೆಸುತ್ತಲೇ ಇದ್ದರು.

ಆ ದೇಶಕ್ಕೆ ಹೋಗುವವರು ಕೆಲವು ಇಂಜೆಕ್ಷನ್ ತೆಗೆದುಕೊಳ್ಳಬೇಕೆಂದು ಗೆಳತಿ ಹೇಳಿದ್ದಳು. ಯಾವುದು ಬೇಕು, ಯಾವುದು ಬೇಡ ಎಂದು ಕೇಳಲು ಅಕ್ಕೋರೂ ನಾನೂ ಪೇಟೆಯ ಡಾಕ್ಟರ ಹತ್ತಿರ ಹೋದೆವು. ಅವರು ಹಾವೇರಿ ಕಡೆಯವರು, ಶಿರಸಿಗೆ ಬಂದು ಎಷ್ಟು ವರ್ಷವಾದರೂ ಊರಿನ ಮಾತು ಬಿಟ್ಟವರಲ್ಲ.

“ಹಳದಿ ಜ್ವರದ್ದು ಬೇಕೇ ಬೇಕ್ರಿ ಅಕ್ಕಾರ. ಅದು ಇಲ್ಲೆ ಸಿಗೂದಿಲ್ಲ, ಬೆಂಗಳೂರಿಗೇ ಹೋಗಬೇಕು. ತತ್ತಿ ಒಳಗ ಬೆಳಸಿ ಮಾಡ್ತಾರ. ತತ್ತಿ ತಿಂದ್ರ ನಿಮಗ ಮೈಮ್ಯಾಲ ಗಂದೆ ಏಳತಾವೇನು?”

“ಮೊಟ್ಟೆ ತಿಂದೇ ಗೊತ್ತಿಲ್ಲೆ ಡಾಕ್ಟ್ರೇ. ಎದ್ದಿದ್ದು ಹೇಂಗೆ ಗೊತ್ತಾಗವು?”

ಡಾಕ್ಟರು ನಕ್ಕುಬಿಟ್ಟರು. ಅಕ್ಕೋರು “ಬಾಯಿಂದ ಹೋದ್ರೆ ದೋಷ. ತೋಳಿಂದ ಹೋದ್ರೆ ಅಡ್ಡಿಲ್ಲೆ” ಎಂದು ತಾವೇ ತೀರ್ಪು ಕೊಟ್ಟುಕೊಂಡರು. ವಿಷಮಶೀತಜ್ವರದ್ದು ಆಗಲಿ ಎಂದರು. ಧನುರ್ವಾಯುವಿನದು ಆಗಲಿ. ಕಾಮಾಲೆಯದು ಹುಬ್ಬಳ್ಳಿಯಿಂದ ತರಿಸಬೇಕಿತ್ತು, ಅದೂ ಆಗಲಿ. ಕಾಲರಾದ್ದು ಬೇಡ, ನೀರು ಕುದಿಸಿ ಕುಡಿದರೆ ಸಾಕು ಎಂದು ಡಾಕ್ಟರೇ ಬಿಡಿಸಿದರು. ಮಲೇರಿಯಾಕ್ಕೆ ಸೂಜಿಯೇ ಇಲ್ಲ, ಗುಳಿಗೆ ಮಾತ್ರ ಎಂದಾಗ ಅಕ್ಕೋರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ಹೊರಡುವಾಗ ಡಾಕ್ಟರು ಕೇಳಿದರು, “ಹೊರಡೂಮಟ ಶಿರಸಿಯೊಳಗ ಇರತೀರೇನ್ರಿ?”

“ಬೆಂಗಳೂರಿಂದ ಬಂದವಳು ತವರಿಗೆ ಹೋಗ್ತೆ. ಟಾಂಜಾನಿಯಾದ ಕೂಸಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಬೇಕಡ.”

“ಆ ಕಡೆ ಅಡವಿಯೊಳಗ ಮಂಗ್ಯಾ ಸತ್ತು ಬೀಳಾಕತ್ತಾವಂತ ಸುದ್ದಿ ಐತ್ರಿ. ಮಂಗನ ಕಾಯಿಲೆಗೂ ಸೂಜಿ ಐತಿ. ಆದ್ರ ಎರಡು ಸಲ ಆಗಬೇಕು, ನಡುವೆ ಒಂದು ತಿಂಗಳು. ಈಗ ಸುರು ಮಾಡಿದ್ರೂ ಪೂರಾ ಆಗೂದಿಲ್ಲ. ಅಡವಿಗೆ ಹೋಗಬ್ಯಾಡ್ರಿ.”

“ಆಫ್ರಿಕಾದ ಸೊಳ್ಳೆಗೆ ಹೆದರವು, ಒಪ್ಪಿದೆ. ನಮ್ಮನೆ ಹಿಂದಿನ ಬೆಟ್ಟಕ್ಕೆ ಎಂತಕ್ಕೆ ಹೆದರವು? ಅದರಲ್ಲೇ ಹುಟ್ಟಿ ಬೆಳದ್ದೆ.”

ಬೆಂಗಳೂರಿಗೆ ನಾನೇ ಜೊತೆಗೆ ಹೋದೆ. ಸೂಜಿ ಚುಚ್ಚುವಾಗ ಅಕ್ಕೋರು ಕಣ್ಣು ಮುಚ್ಚಲಿಲ್ಲ, ನೋಡುತ್ತಲೇ ಇದ್ದರು. ಮುಗಿದ ಮೇಲೆ ಕೊಟ್ಟ ಹಳದಿ ಕಾರ್ಡನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ತೋರಿಸಿದರು. ಆಮೇಲೆ ತವರಿಗೆ ಹೋಗಿ, ಹೊಳೆಬದಿಯ ಮಾವಿನ ಮರದ ಮಿಡಿ ಕೊಯ್ಯಿಸಿ, ಕೆಳಗೆ ಉದುರಿದ್ದನ್ನು ತರಗೆಲೆಯೊಳಗಿಂದ ತಾವೇ ಆರಿಸಿ, ಉಪ್ಪಿನಲ್ಲಿ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಕೊಂಡು ಶಿರಸಿಗೆ ಬಂದಿಳಿದರು. ಕಾಲಿಗೆ ಉಣುಗು ಹತ್ತಿ ತುರಿಸುತ್ತಿದೆ ಎಂದರು. ಕಾಡಿಗೆ ಹೋದವರಿಗೆ ಆ ಉಣ್ಣೆಹುಳ ಕಚ್ಚುವುದು ಇದ್ದದ್ದೇ. ಅವರಾಗಲಿ ನಾನಾಗಲಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಹೊರಡಲು ಎರಡು ವಾರವೂ ಇರಲಿಲ್ಲ. ಒಂದು ಬೆಳಿಗ್ಗೆ ಅವರ ಮನೆಯ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಕರೆದೆ. ಗೋಡೆ ಹಿಡಿದುಕೊಂಡು ಬಂದು ಚಿಲಕ ತೆಗೆದರು. ಮೈ ಕೆಂಡ.

“ಎಂತಾ ಇಲ್ಲೆ ತಂಗಿ, ಸೂಜಿ ಜ್ವರ. ಇಷ್ಟೆಲ್ಲ ಚುಚ್ಚಿಸ್ಕ್ಯಂಡಿದ್ದೆ, ಬಾರದೆ ಇರ್ತಾ?”

ಓಣಿಯವರೂ ಹಾಗೇ ಅಂದರು. ಮರುದಿನ ಅವರಿಗೆ ತಲೆಯೆತ್ತಲಾಗಲಿಲ್ಲ. ಡಾಕ್ಟರನ್ನು ಮನೆಗೇ ಕರೆತಂದೆ. ಅವರು ನಗುತ್ತಲೇ ಒಳಗೆ ಬಂದವರು, ಅಕ್ಕೋರ ರೆಪ್ಪೆ ಎಳೆದು ನೋಡಿದರು. ಕಣ್ಣು ರಕ್ತದ ಹಾಗೆ ಕೆಂಪಾಗಿತ್ತು.

“ಅಡವಿಗೆ ಹೋಗಿದ್ರ್ಯಾ?”

ಅಕ್ಕೋರು ಹೌದೆಂದು ತಲೆಯಾಡಿಸಿದರು. ಡಾಕ್ಟರು ಚೀಲ ಮುಚ್ಚಿ ಎದ್ದರು. ನನ್ನನ್ನು ಹೊರಗೆ ಕರೆದು, “ಈಗಿಂದೀಗ ಗಾಡಿ ಮಾಡ್ರಿ. ಅವರ ಅಣ್ಣಗ ಹೇಳಿಕಳಸ್ರಿ” ಎಂದರು. ನಾನು ಬೂತಿಗೆ ಓಡಿದೆ.

ಕರಾವಳಿಯ ದೊಡ್ಡ ಆಸ್ಪತ್ರೆಗೆ ಘಟ್ಟ ಇಳಿಯುವಾಗ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅಣ್ಣ ಮುಂದಿನ ಸೀಟಿನಲ್ಲಿ ಕೂತಿದ್ದರು. “ಟಿಕೆಟ್ ರದ್ದು ಮಾಡಡ ಮಾರಾಯ್ತಿ. ಸ್ವಲ್ಪ ಮುಂದೆ ಹಾಕ್ಸು, ಸಾಕು” ಎಂದರು ಅಕ್ಕೋರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಆಸ್ಪತ್ರೆಯಲ್ಲಿ ಮೂಗಿನಿಂದ ರಕ್ತ ಬರತೊಡಗಿತು. ಉಣುಗು ಕಚ್ಚಿ ಬರುವ ಈ ಮಂಗನ ಕಾಯಿಲೆಗೆ ಇಂಥದ್ದೇ ಎಂಬ ಮದ್ದಿಲ್ಲ, ಮೈಯೇ ಗೆದ್ದು ಬರಬೇಕು ಎಂದರು ಅಲ್ಲಿನವರು. ಬಹಳಷ್ಟು ಜನ ಗೆಲ್ಲುತ್ತಾರಂತೆ. ಅಕ್ಕೋರು ಗೆಲ್ಲಲಿಲ್ಲ.

ವಾರದ ಹಿಂದೆ ಬೂತಿನ ಬೆಂಚಿನ ಮೇಲೆ ಕೂತು, ವಿಮಾನದ ಕಿಟಕಿ ತೆಗೆಯಲು ಬರುತ್ತದೋ ಎಂದು ಕೇಳಿದ್ದ ಹೆಂಗಸು. ಸುಟ್ಟು ಬಂದ ಮೇಲೂ ನನಗೆ ಅಳು ಬರಲಿಲ್ಲ. ಯಾರೋ ಲೆಕ್ಕ ತಪ್ಪಿ ಬೇರೆಯವರ ಬದಲಿಗೆ ಇವರನ್ನು ಒಯ್ದಿದ್ದಾರೆ ಎಂಬಂತೆ ದಿಕ್ಕುಗೆಟ್ಟು ಕೂತಿದ್ದೆ. ಗೆಳತಿಗೆ ಸಂಜೆ ಹೇಳಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಅವಳದೇ ಫೋನು ಬಂತು. ನಾನು ಹಲೋ ಅನ್ನುವುದಕ್ಕೂ ಬಿಡದೆ, “ಅಕ್ಕೋರಿಗೆ ಹೇಳೇ, ಎರಡು ದಿನದಿಂದ ಒಂದು ಮೋಡ ಇಲ್ಲೆ, ಹಿಮ ಪೂರ್ತಿ ಕಾಣ್ತು!” ಎಂದಳು. ಮೀಟರು ಓಡುವುದು ಅವಳ ಕಡೆ ಎಂದು ಗೊತ್ತಿದ್ದರೂ ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ. “ಎಂತದೇ? ಎಂತ ಆತು?” ಎಂದು ಅವಳು ಕೂಗುತ್ತಲೇ ಇದ್ದಳು.

ಡಾಕ್ಟರು ಒಂದು ದಿನ ಬೂತಿಗೆ ಬಂದು ಕೂತರು. “ಯಾವ ಯಾವ ದೇಶದ್ದೋ ಬರದು ಕೊಟ್ಟೆ. ನಮ್ಮ ಪಕ್ಕದ ತಾಲ್ಲೂಕಿಂದು ಜೋರು ಮಾಡಿ ಹೇಳಲಿಲ್ಲ ನೋಡ್ರಿ” ಎಂದು ಎದ್ದು ಹೋದರು.

ಮುಂದಿನ ಚಳಿಗಾಲ ಶುರುವಾಗುವ ಮೊದಲು ಅಕ್ಕೋರ ತವರೂರಿಗೆ ಆರೋಗ್ಯ ಇಲಾಖೆಯವರು ಸೂಜಿ ಹಾಕಲು ಬಂದಾಗ ಅವರ ಅಣ್ಣ ನನಗೆ ಹೇಳಿಕಳಿಸಿದರು. ಹೋದೆ. ಶಾಲೆಯ ಜಗುಲಿಯಲ್ಲಿ ಜನ ದೂರ ದೂರ ನಿಂತಿದ್ದರು. ಭಾರಿ ನೋವಿನ ಸೂಜಿ, ತೋಳು ಬಾತುಕೊಳ್ಳುತ್ತದೆ, ಕೊಯ್ಲಿನ ಹೊತ್ತಿಗೆ ಕೆಲಸ ಕೆಡುತ್ತದೆ ಎಂದು ಗುಸುಗುಸು. ಅರುವತ್ತು ದಾಟಿದ ಆ ಅಣ್ಣ ಅಂಗಿ ಕಳಚಿ ಮೊದಲು ಕೂತರು.

“ನಮ್ಮನೆ ಕೂಸು ಎಲ್ಲಾ ದೇಶದ್ದೂ ಚುಚ್ಚಿಸ್ಕ್ಯಂಡಿತ್ತು” ಎಂದರು. ತೋಳು ಚಾಚಿದರು. ಅರುವತ್ತರ ಹತ್ತಿರದ ತಂಗಿಯನ್ನು ಅವರು ಕೂಸು ಎಂದದ್ದು ಕೇಳಿ, ಅಷ್ಟು ತಿಂಗಳು ಬಾರದ ಅಳು ನನಗೆ ಅಲ್ಲಿ ಬಂತು.

ಅವರ ಹಿಂದೆ ನಾನು ಕೂತೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಜನ ಬಂದರು. ತೋಳು ಬಾತು ಎರಡು ದಿನ ನನಗೆ ರಿಸೀವರ್ ಎತ್ತಲಾಗಲಿಲ್ಲ. ಆ ನೋವು ಬೇಗ ಇಳಿಯುವುದು ನನಗೆ ಬೇಕಿರಲಿಲ್ಲ.