ಮುಷ್ಟಿ ಎತ್ತಿದವರನ್ನು ಕೇಳಬೇಕು

ರಾಕ್ಸಾನ್ ಹ್ರೂಶ್ಕಾ ಒಂದು ಕಡೆ ನೆಟ್ಟಗೆ ಕೂತದ್ದನ್ನು ನೆಬ್ರಾಸ್ಕಾದ ನಮ್ಮ ಓರಿಸ್ಟನ್ ಊರಿನಲ್ಲಿ ಯಾರೂ ಕಂಡಿಲ್ಲ. ಚರ್ಚಿನಲ್ಲೂ ಅವಳು ಕೊನೆಯ ಸಾಲು ಹಿಡಿಯುವುದು ನಡುವೆ ಎದ್ದುಹೋಗಿ ಕಾಫಿ ಕಾದಿದೆಯಾ ಎಂದು ನೋಡಿಬರಲಿಕ್ಕೆ. ನಾಲ್ಕನೇ ತರಗತಿಯ ಟೀಚರು, ಅರವತ್ತು ದಾಟಿದೆ, ಮಂಡಿ ನೋವು ಬೇರೆ. ಆದರೂ ಕಾಲಿಗೆ ಚಕ್ರ. ಅವಳೇ ನಮ್ಮ ಶಾಲಾ ಜಿಲ್ಲೆಯ ಪಠ್ಯಕ್ರಮ ಮಂಡಳಿಯ ಅಧ್ಯಕ್ಷೆ. ಮಂಡಳಿ ಸೇರುವುದು ಮಿಡಲ್ ಸ್ಕೂಲಿನ ಲೈಬ್ರರಿಯಲ್ಲಿ, ಅಂದರೆ ನನ್ನ ಲೈಬ್ರರಿಯಲ್ಲಿ. ಜಾಗ ಕೊಟ್ಟ ತಪ್ಪಿಗೆ ನಡಾವಳಿ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಮಂಡಳಿ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಪ್ರತಿ ಶಾಲೆಯಿಂದ ಇಬ್ಬರು ಟೀಚರುಗಳು, ಆ ಶಾಲೆಯವರೇ ಆರಿಸಿ ಕಳಿಸಿದವರು. ಪೋಷಕರ ಕಡೆಯಿಂದ ಇಬ್ಬರು. ಜಿಲ್ಲಾ ಕಚೇರಿಯಿಂದ ಡಾಕ್ಟರ್ ಎಗರ್ಸ್ ಎಂಬ ಹೆಂಗಸು. ಈ ಡಾಕ್ಟರಮ್ಮನಿಗೆ ಬಾಯುಂಟು, ಮತವಿಲ್ಲ. ಯಾವ ತರಗತಿಗೆ ಯಾವ ಪುಸ್ತಕ, ಯಾವ ಹೊಸ ಪಾಠ ಸೇರಬೇಕು, ಯಾವುದು ಹೋಗಬೇಕು, ಎಲ್ಲ ಇಲ್ಲಿಂದಲೇ ಶಾಲಾ ಬೋರ್ಡಿಗೆ ಹೋಗುತ್ತದೆ. ಬೋರ್ಡಿನವರು ಸಾಮಾನ್ಯವಾಗಿ ಹೂಂ ಅನ್ನುತ್ತಾರೆ, ಅವರಿಗೆ ಫುಟ್‌ಬಾಲ್ ಮೈದಾನದ ಹುಲ್ಲಿನ ಚಿಂತೆಯೇ ಸಾಕಷ್ಟಿದೆ.

ಒಂದು ಪ್ರಸ್ತಾಪ ಎರಡು ಸಲ ಓದಿಸಿಕೊಳ್ಳಬೇಕು. ಮೊದಲ ಓದಿನ ದಿನ ಪ್ರಶ್ನೆ ಮಾತ್ರ, ತೀರ್ಮಾನವಿಲ್ಲ. ಆಮೇಲೆ ಒಂದು ತಿಂಗಳು ಅದು ಊರಿನ ಲೈಬ್ರರಿಯ ಮೇಜಿನ ಮೇಲಿರುತ್ತದೆ, ಯಾರು ಬೇಕಾದರೂ ಓದಿ ಬೈಯಬಹುದು. ಎರಡನೇ ಓದಿನ ದಿನ ಬೆರಳು. ಹೌದು, ಬೆರಳು. ನಮ್ಮಲ್ಲಿ ಹೌದು-ಅಲ್ಲ ಎಂದು ಮತ ಹಾಕುವುದಿಲ್ಲ, ಎಲ್ಲರೂ ಒಟ್ಟಿಗೆ ಕೈ ಎತ್ತುತ್ತೇವೆ. ಐದು ಬೆರಳೆಂದರೆ ಮನಸಾರೆ ಒಪ್ಪಿಗೆ. ಮೂರೆಂದರೆ ಇಷ್ಟವೇನಲ್ಲ, ಆದರೆ ಅಡ್ಡ ಬರುವುದಿಲ್ಲ. ಅದಕ್ಕಿಂತ ಕಡಿಮೆ ತೋರಿಸಿದರೆ ತಕರಾರಿದೆ ಎಂದು. ಮುಷ್ಟಿ ಎಂದರೆ ಸುತರಾಂ ಒಪ್ಪೆ, ಬೇಕಾದರೆ ನನ್ನ ಹೆಣದ ಮೇಲೆ ನಡೆಯಲಿ ಎಂದು. ಮೂರಕ್ಕಿಂತ ಕಡಿಮೆ ತೋರಿಸಿದವರನ್ನು ಸುಮ್ಮನೆ ಬಿಡುವಂತಿಲ್ಲ, "ಮೂರಕ್ಕೆ ಬರೋಕೆ ನಿಮಗೆ ಏನು ಬೇಕು?" ಎಂದು ಕೇಳಲೇಬೇಕು. ಈ ಪದ್ಧತಿ ತಂದವಳು ರಾಕ್ಸಾನ್. ತಂದು ಸುಮ್ಮನಿರುವ ಪೈಕಿಯೂ ಅಲ್ಲ, ಮನೆಯಲ್ಲಿ ರಾತ್ರಿ ಊಟಕ್ಕೆ ಏನು ಮಾಡುವುದು ಎನ್ನುವುದನ್ನೂ ಮೊಮ್ಮಗಳ ಜೊತೆ ಬೆರಳಲ್ಲೇ ಇತ್ಯರ್ಥ ಮಾಡುತ್ತಿದ್ದಳು.

ಆ ಮೊಮ್ಮಗಳು ಟೆಸ್ಸಾ. ರಾಕ್ಸಾನಳ ಮಗಳು ದೂರದ ಹಾದಿಯ ಲಾರಿ ಓಡಿಸುತ್ತಾಳೆ, ತಿಂಗಳಿಗೆರಡು ಸಲ ಮನೆ ಕಂಡರೆ ಹೆಚ್ಚು. ಹಾಗಾಗಿ ಟೆಸ್ಸಾಳನ್ನು ತೊಟ್ಟಿಲಿನಿಂದ ಸಾಕಿದವಳು ಅಜ್ಜಿಯೇ. ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳದು. ಇಡೀ ಜಿಲ್ಲೆಯ ಶಾಲೆಗಳಲ್ಲಿ ಅಂಥವಳು ಅವಳೊಬ್ಬಳೇ. ಟೀಚರ್ ಹೇಳಿದ್ದನ್ನು ಕೈಸನ್ನೆಯಲ್ಲಿ ತಿಳಿಸಲು ಕೊಲೀನ್ ಎಂಬ ದುಭಾಷಿ ದಿನವಿಡೀ ಜೊತೆಗಿರುತ್ತಾಳೆ. ಮಧ್ಯಾಹ್ನದ ಊಟಕ್ಕೂ ಎದುರಿಗೆ ಕೊಲೀನಳೇ. ಹದಿನಾಲ್ಕರ ಹುಡುಗಿಗೆ ಊಟದ ಗೆಳತಿ ಐವತ್ತರ ಹೆಂಗಸು. ಕ್ಯಾಂಟೀನಿನಲ್ಲಿ ಅದನ್ನು ನೋಡಿದಾಗೆಲ್ಲ ನಾನೇ ಬೇರೆ ಕಡೆ ತಿರುಗಿಬಿಡುತ್ತಿದ್ದೆ, ಇನ್ನು ಅಜ್ಜಿಗೆ ಹೇಗಾಗಿರಬೇಡ.

ಟೆಸ್ಸಾ ಆಗಸ್ಟಿನಲ್ಲಿ ಹೈಸ್ಕೂಲಿಗೆ ಹೋಗುವವಳಿದ್ದಳು. ಅಷ್ಟರೊಳಗೆ ಅಲ್ಲಿ ಸನ್ನೆ ಭಾಷೆಯ ಪಾಠ ಶುರುವಾಗಬೇಕು, ಸ್ಪ್ಯಾನಿಷ್ ಕಲಿತಷ್ಟೇ ಅಂಕ ಅದಕ್ಕೂ ಸಿಗಬೇಕು, ಆಗ ನಾಲ್ಕು ಜನ ಮಕ್ಕಳಾದರೂ ಅವಳ ಜೊತೆ ಮಾತಾಡುತ್ತಾರೆ: ಇದು ರಾಕ್ಸಾನಳ ಹಟ. ಪಾಠ ಮಾಡುವವರು ಯಾರು? ತಾನೇ! ಅದಕ್ಕಾಗಿ ನಾಲ್ಕು ವರ್ಷದಿಂದ ಪ್ರತಿ ಶನಿವಾರ ಲಿಂಕನ್ ನಗರಕ್ಕೆ ಕಾರು ಓಡಿಸಿ ತರಗತಿಗೆ ಕೂತಿದ್ದಳು, ಅದನ್ನು ಕಲಿಸುವ ಪರವಾನಗಿಯನ್ನೂ ಹೇಗೋ ಗಿಟ್ಟಿಸಿದ್ದಳು.

ಡಿಸೆಂಬರಿನಲ್ಲಿ ಮೊದಲ ಓದು ಮುಗಿಯಿತು. ಯಾರ್ಯಾರನ್ನು ವಿಚಾರಿಸಿದ್ದೀರಿ ಎಂದು ಡಾಕ್ಟರ್ ಎಗರ್ಸ್ ಕೇಳಿದರು. ವಿಶ್ವವಿದ್ಯಾಲಯ, ರಾಜ್ಯದ ಇಲಾಖೆ, ಹೈಸ್ಕೂಲಿನ ಪ್ರಿನ್ಸಿಪಾಲ್, ಪೋಷಕರ ಸಂಘ ಎಂದು ರಾಕ್ಸಾನ್ ಪಟಪಟನೆ ಹೇಳಿದಳು. ನಾವೆಲ್ಲ ತಲೆಯಾಡಿಸಿದೆವು. ವಿಚಾರಿಸುವುದರಲ್ಲಿ ನಾವು ಪ್ರವೀಣರು. ಆದರೂ ಅವಳಿಗೆ ಸಮಾಧಾನವಿರಲಿಲ್ಲ. ಇಡೀ ತಿಂಗಳು ಮಂಡಳಿಯವರ ಒಬ್ಬೊಬ್ಬರ ಬೆನ್ನು ಹತ್ತಿದಳು. ಪಾರ್ಕಿಂಗಿನಲ್ಲಿ ಕಾರಿನ ಹಿಮ ಕೆರೆಯುತ್ತಿದ್ದ ನನ್ನನ್ನೂ ಬಿಡಲಿಲ್ಲ.

"ಹಾಲಿಸ್ ಏನಂತಾನೆ?"

"ಅವನನ್ನೇ ಕೇಳು."

"ಅವನು ಮುಷ್ಟಿ ಎತ್ತಿಬಿಟ್ರೆ?"

"ಎತ್ತಿದ್ರೆ ಎತ್ಲಿ ಮಾರಾಯ್ತಿ, ಮೊದ್ಲು ನನ್ನ ಕಾಲಿನ ಮೇಲಿಂದ ಇಳಿ."

ಹಾಲಿಸ್ ಬಾರ್ಟೆಕ್ ಹೈಸ್ಕೂಲಿನ ಸ್ಪ್ಯಾನಿಷ್ ಟೀಚರು, ಮಂಡಳಿಯ ಉಪಾಧ್ಯಕ್ಷ. ಸನ್ನೆ ಭಾಷೆ ಬಂದರೆ ಅವನ ತರಗತಿಯ ಅರ್ಧ ಮಕ್ಕಳು ಅತ್ತ ವಾಲುತ್ತಾರೆ. ಸಾಲದ್ದಕ್ಕೆ ಹಿಂದಿನ ವರ್ಷ ಅವನ ಪ್ರಸ್ತಾಪವೊಂದು ಒಂದು ದಿನ ತಡವಾಗಿ ಬಂತೆಂದು ರಾಕ್ಸಾನ್ ಅದನ್ನು ಕೈಯಲ್ಲೂ ಮುಟ್ಟದೆ ತಳ್ಳಿದ್ದಳು. ಅವನಿಗೆ ಮನಸ್ಸಿನಲ್ಲಿ ಕಹಿ ಇದ್ದೇ ಇತ್ತು. ಸ್ವಂತ ಪ್ರಸ್ತಾಪ ಬಂದ ದಿನ ಅಧ್ಯಕ್ಷರು ಕುರ್ಚಿ ಬಿಟ್ಟು ಗೋಡೆ ಪಕ್ಕ ಕೂರಬೇಕು, ಬೆರಳೆತ್ತುವಂತಿಲ್ಲ. ಅಂದರೆ ಜನವರಿಯ ಸಭೆ ನಡೆಸುವವನು ಹಾಲಿಸ್. ಜನವರಿ ತಪ್ಪಿದರೆ ಆ ವರ್ಷವೇ ತಪ್ಪಿದ ಹಾಗೆ. ಫೆಬ್ರವರಿಯಲ್ಲಿ ಪಾಠಗಳ ಕೈಪಿಡಿ ಅಚ್ಚಿಗೆ ಹೋಗುತ್ತದೆ, ಎಂಟನೆಯವರು ಅದನ್ನು ನೋಡಿಯೇ ಮುಂದಿನ ವರ್ಷದ ಪಾಠ ಆರಿಸುವುದು.

ಸಭೆಯ ದಿನ ಪೋಷಕರ ಕಡೆಯವರು ಎಂದಿನಂತೆ ಚಿಲಿ ಸಾರು, ದಾಲ್ಚಿನ್ನಿಯ ಸಿಹಿ ರೋಲು ತಂದಿದ್ದರು. ನೆಬ್ರಾಸ್ಕಾದಲ್ಲಿ ಇವೆರಡನ್ನು ಬೇರೆ ಬೇರೆ ತಿನ್ನುವವನನ್ನು ಹೊರಗಿನವನು ಎಂದೇ ಲೆಕ್ಕ. ರಾಕ್ಸಾನ್ ತಿನ್ನಲಿಲ್ಲ. ಕುರ್ಚಿ ಸರಿಸಿದಳು, ಮತ್ತೆ ಸರಿಸಿದಳು, ಕಿಟಕಿಯ ಪರದೆ ಎಳೆದಳು, ಬಿಟ್ಟಳು. ಟೆಸ್ಸಾಳನ್ನು ಕರೆತಂದಿದ್ದಳು. ಸಾರ್ವಜನಿಕರಿಗೆಂದು ಇಟ್ಟ ಮೂರು ನಿಮಿಷದಲ್ಲಿ ಹುಡುಗಿ ನಾಲ್ಕು ಮಾತು ಆಡಿದರೆ ಯಾರ ಕೈಯೂ ಮುಷ್ಟಿಯಾಗುವುದಿಲ್ಲ ಎಂಬ ಲೆಕ್ಕಾಚಾರ. ನನಗೆ ಅದು ಹಿಡಿಸಲಿಲ್ಲ. ಮಗುವನ್ನು ಪ್ರದರ್ಶನಕ್ಕೆ ಇಟ್ಟ ಹಾಗೆ ಅನ್ನಿಸಿತು. ಆದರೆ ಬಾಯಿ ಬಿಡಲಿಲ್ಲ, ನನ್ನ ಕೈಯಲ್ಲಿ ರೋಲಿತ್ತು.

ಟೆಸ್ಸಾ ಎದ್ದು ನಿಂತು ಕೈಯಾಡಿಸಿದಳು, ಕೊಲೀನ್ ಬಾಯಿಮಾತಿನಲ್ಲಿ ಹೇಳಿದಳು. ನಾನು ಟೆಸ್ಸಾ, ಎಂಟನೇ ತರಗತಿ, ನಿಮಗೆಲ್ಲ ವಂದನೆ. ಅಷ್ಟೇ ಹೇಳಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟಳು. ಮೂರು ನಿಮಿಷದಲ್ಲಿ ಎರಡೂಮುಕ್ಕಾಲು ಉಳಿದೇ ಇತ್ತು. ರಾಕ್ಸಾನ್ ಗೋಡೆಯ ಪಕ್ಕದಿಂದ ಕಣ್ಣಲ್ಲೇ ಇನ್ನೂ ಹೇಳು ಎಂದು ಒತ್ತಾಯಿಸಿದಳು. ಹುಡುಗಿ ಬೇರೆ ಕಡೆ ನೋಡಿದಳು.

ಹಾಲಿಸ್ ಗಂಟಲು ಸರಿಮಾಡಿಕೊಂಡ. "ನನ್ನ ಬೆರಳು ನಾನು ಮೊದ್ಲೇ ಹೇಳಿಬಿಡ್ತೀನಿ. ಇದರಿಂದ ನನಗೆ ನಷ್ಟ ಇದೆ. ಅಧ್ಯಕ್ಷರ ಮೇಲೆ ಸಿಟ್ಟೂ ಇದೆ, ಎಲ್ರಿಗೂ ಗೊತ್ತು. ಆದ್ರೆ ಆ ಮಗು ಊಟದ ಹೊತ್ತಲ್ಲಿ ಒಬ್ಳೇ ಕೂರೋದನ್ನ ಈ ಶಾಲೆಗೆ ಬಂದಾಗ ನಾನೂ ನೋಡಿದೀನಿ. ನಾಲ್ಕು. ಸರಿ, ಎಲ್ರೂ ಎತ್ತಿ."

ಕೈಗಳೆದ್ದವು. ಐದು, ಐದು, ನಾಲ್ಕು, ಐದು. ಮೂರಕ್ಕೆ ಇಳಿದ ಕೈ ಒಂದೂ ಇರಲಿಲ್ಲ. ರಾಕ್ಸಾನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಬರೆಯಲು ತಲೆ ಬಗ್ಗಿಸಿದವನು ಎತ್ತಿ ನೋಡುತ್ತೇನೆ, ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆ. ಅಲ್ಲಿ ಟೆಸ್ಸಾಳ ಕೈಯೂ ಮೇಲಿತ್ತು. ಮುಷ್ಟಿ.

"ಸಾರ್ವಜನಿಕರ ಕೈ ಲೆಕ್ಕಕ್ಕಿಲ್ಲಮ್ಮ," ಎಂದ ಹಾಲಿಸ್, ಮೆತ್ತಗೆ. ಡಾಕ್ಟರ್ ಎಗರ್ಸ್ ಕೂಡ ಹೌದು ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಷ್ಟಿಯನ್ನು ಕೇಳದೆ ಬಿಟ್ಟು ರಾಕ್ಸಾನ್‌ಗೆ ಅಭ್ಯಾಸವಿಲ್ಲ. ಅವಳು ಎದ್ದಳು. ಮೊಮ್ಮಗಳ ಎದುರಿಗೆ ನಿಂತು ಬಾಯಲ್ಲೂ ಕೈಯಲ್ಲೂ ಕೇಳಿದಳು: "ಮೂರಕ್ಕೆ ಬರೋಕೆ ನಿಂಗೆ ಏನು ಬೇಕು?"

ಟೆಸ್ಸಾ ಕೈಯಾಡಿಸಿದಳು. ಕೊಲೀನ್ ತಡವರಿಸಿ, "ಇದ್ದದ್ದನ್ನ ಇದ್ದ ಹಾಗೇ ಹೇಳ್ಲಾ ರಾಕ್ಸಾನ್?" ಎಂದಳು.

"ಹೇಳು."

"ಅಜ್ಜಿ, ನಿನ್ನ ಸನ್ನೆ ಚೆನ್ನಾಗಿಲ್ಲ," ಎಂದು ಟೆಸ್ಸಾಳ ಮಾತನ್ನೇ ಕೊಲೀನ್ ಹೇಳುತ್ತಾ ಹೋದಳು. "ನೀನು ಹೇಳೋದರಲ್ಲಿ ಅರ್ಧ ನಾನು ಊಹೆ ಮಾಡ್ಕೊಂಡು ಅರ್ಥ ಮಾಡ್ಕೋತೀನಿ. ನಿನ್ನಿಂದ ಕಲ್ತು ಅವ್ರೆಲ್ಲ ನನ್ನ ಮೇಲೆ ಅಭ್ಯಾಸ ಮಾಡೋಕೆ ಬರ್ತಾರೆ. ನಾನು ಎಲ್ರನ್ನೂ ತಿದ್ದುತ್ತಾ ಕೂರಬೇಕು. ನಾನು ಅವರ ಹೋಮ್‌ವರ್ಕ್ ಆಗಲ್ಲ."

"ಮೂರಕ್ಕೆ?" ರಾಕ್ಸಾನ್ ಮತ್ತೆ ಕೇಳಿದಳು.

"ಕಿವಿ ಕೇಳದ ಟೀಚರ್ ಬೇಕು. ಆಗ ಆ ಕಟ್ಟಡದಲ್ಲಿ ನನ್ನಂಥೋರು ಇಬ್ಬರಾಗ್ತೀವಿ."

ಅಷ್ಟು ಸರಳ. ಪ್ರಪಂಚವನ್ನೆಲ್ಲ ವಿಚಾರಿಸಿದ ನಾವು ಆ ಹುಡುಗಿಯನ್ನು ಕೇಳಿರಲಿಲ್ಲ. ರಾಕ್ಸಾನ್‌ಗೆ ನಾಚಿಕೆಯಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ, ನನಗಂತೂ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಡಾಕ್ಟರ್ ಎಗರ್ಸ್ ಕಚೇರಿಯವರ ಜಾಣತನ ತೋರಿಸಿದರು. "ಈಗ ಪಾಸ್ ಮಾಡಿಬಿಡೋಣ ರಾಕ್ಸಾನ್. ಬೆರಳೆಲ್ಲ ಎದ್ದಿದೆ. ಈ ವರ್ಷ ನೀವು ನಡೆಸಿ, ಆಮೇಲೆ ನಿಧಾನಕ್ಕೆ ಟೀಚರ್ ಹುಡುಕೋಣ."

"ಆಮೇಲೆ ಅಂದ್ರೆ ಯಾವತ್ತೂ ಇಲ್ಲ," ಎಂದಳು ರಾಕ್ಸಾನ್. "ಒಂದು ಸಲ ನಾನು ಅಲ್ಲಿ ನಿಂತ್ರೆ ಇನ್ನೊಬ್ಬರನ್ನ ಯಾರೂ ಹುಡುಕಲ್ಲ. ನಿಮ್ಮ ಕಚೇರಿ ನಂಗೊತ್ತಿಲ್ವಾ?"

"ಟೀಚರ್ ಬದಲಾದ್ರೆ ಪ್ರಸ್ತಾಪವೇ ಬದಲಾದ ಹಾಗೆ," ಎಂದ ಹಾಲಿಸ್. "ಮತ್ತೆ ಮೊದಲ ಓದಿನಿಂದ ಬರಬೇಕು. ಕೈಪಿಡಿ ತಪ್ಪಿಹೋಗುತ್ತೆ. ಒಂದು ವರ್ಷ, ರಾಕ್ಸಾನ್. ಆ ನಿಯಮ ನೀನೇ ಬರೆದಿದ್ದು." ಅವನು ಚುಚ್ಚಲು ಹೇಳಲಿಲ್ಲ. ಟೀಚರ್ ಬದಲಾಯಿಸುವುದು ಬೇಡವೆನ್ನು, ಈಗ ಸುಮ್ಮನೆ ಪಾಸ್ ಮಾಡಿಸಿಕೋ ಎಂದು ಬೇಡಿಕೊಳ್ಳುವಂತಿತ್ತು ಅವನ ಮುಖ.

ರಾಕ್ಸಾನ್ ಲೈಬ್ರರಿಯ ಆ ತುದಿಗೆ ನಡೆದಳು, ಈ ತುದಿಗೆ ಬಂದಳು. ಭೂಗೋಳದ ಗೋಲವನ್ನು ಒಮ್ಮೆ ತಿರುಗಿಸಿದಳು. ಆಮೇಲೆ ಹೇಳಿದಳು: "ಪ್ರಸ್ತಾಪ ವಾಪಸ್ ತಗೊಂಡಿದೀನಿ. ಬರ್ಕೊಳ್ಳಪ್ಪ." ಬರೆದೆ. ಅದಕ್ಕಿಂತ ಕಷ್ಟದ ಸಾಲನ್ನು ಆ ಪುಸ್ತಕದಲ್ಲಿ ನಾನು ಬರೆದಿಲ್ಲ.

ಆ ವರ್ಷ ಚೆನ್ನಾಗಿ ಕಳೆಯಿತು ಎಂದು ಸುಳ್ಳು ಹೇಳಲಾರೆ. ಟೆಸ್ಸಾ ಹೈಸ್ಕೂಲಿಗೆ ಕೊಲೀನಳ ಜೊತೆಗೇ ಹೋದಳು. ಗೆಳತಿ ಎಂದು ಒಬ್ಬಳು ಸಿಕ್ಕಿದ್ದಳು, ಅಕ್ಟೋಬರಿನ ಹೊತ್ತಿಗೆ ಅವಳೂ ಬೇರೆ ಮೇಜಿಗೆ ಹೋದಳು. ಹೊಸ ಪ್ರಸ್ತಾಪ ಎರಡೂ ಓದು ದಾಟಿತು, ಟೀಚರ್ ಬೇಕೆಂಬ ಜಾಹೀರಾತೂ ಹೋಯಿತು, ಆದರೆ ಚಳಿಗಾಲ ಕಳೆದರೂ ಒಂದು ಅರ್ಜಿ ಇಲ್ಲ. ನಮ್ಮೂರಿಗೆ ಯಾರು ಬರುತ್ತಾರೆ? ರಾಕ್ಸಾನ್ ನನ್ನ ಲೈಬ್ರರಿಗೆ ಬರುವುದು, ಕಂಪ್ಯೂಟರಿನಲ್ಲಿ ಅರ್ಜಿ ಬಂತಾ ನೋಡುವುದು, ಬೈಯುವುದು, ಹೋಗುವುದು. "ಎಲ್ಲ ಬೆರಳೂ ಎದ್ದಿತ್ತು ಕಣೋ. ನಾನೇ ಹಾಳು ಮಾಡ್ದೆ. ಈ ವರ್ಷ ಆ ಮಗು ಒಬ್ಳೇ ಕೂತಿದ್ದು ನನ್ನಿಂದ," ಎಂದು ಒಂದು ದಿನ ಅತ್ತೇ ಬಿಟ್ಟಳು. ನಾನು ಎದ್ದುಹೋಗಿ ಅವಳಿಗೆ ಕಾಫಿ ತಂದಿಟ್ಟೆ.

ಮಾರ್ಚಿನಲ್ಲಿ ಓಮಾಹಾದಿಂದ ವಿನ್ಸ್ ಓಯ್ಲರ್ ಎಂಬಾತ ಸಂದರ್ಶನಕ್ಕೆ ಬಂದ. ಬೋಳುತಲೆ, ಅಳತೆಗೆ ದೊಡ್ಡದಾದ ಕೋಟು, ಕಿವಿ ಕೇಳದವನು. ಮೇಜಿನ ಒಂದು ಕಡೆ ಡಾಕ್ಟರ್ ಎಗರ್ಸ್, ಹಾಲಿಸ್, ರಾಕ್ಸಾನ್, ವಿದ್ಯಾರ್ಥಿಗಳ ಕಡೆಯಿಂದ ಟೆಸ್ಸಾ, ಬರೆದುಕೊಳ್ಳಲು ಎಂದಿನಂತೆ ನಾನು. ಮೊದಲೆರಡು ಪ್ರಶ್ನೆ ಕೊಲೀನಳ ಮೂಲಕವೇ ಹೋದವು. ನಂತರ ಅವನು ಟೆಸ್ಸಾಳನ್ನು ನೋಡಿ ಏನೋ ಅಂದ. ಅವಳು ಉತ್ತರ ಕೊಟ್ಟಳು. ಅವನು ಇನ್ನೇನೋ ಹೇಳಹೊರಟ, ಅವಳು ಅವನ ಕೈ ಅರ್ಧಕ್ಕೇ ಇರುವಾಗ ತನ್ನ ಕೈ ಚಾಚಿ ತಡೆದು, ಹುಬ್ಬು ಗಂಟಿಕ್ಕಿ ವಾದಕ್ಕಿಳಿದಳು. ಅವನು ನಕ್ಕ. ಅವಳು ಬಿಡಲಿಲ್ಲ. ಕೈಗಳು ಎಷ್ಟು ವೇಗವಾಗಿ ಓಡಿದವೆಂದರೆ ಕೊಲೀನ್ ಹಿಂದೆ ಬಿದ್ದು, ಕೊನೆಗೆ ಸುಮ್ಮನಾಗಿಬಿಟ್ಟಳು.

"ಏನಂತೆ?" ಎಂದು ರಾಕ್ಸಾನ್ ಪಿಸುಗುಟ್ಟಿದಳು. ನಾಲ್ಕು ವರ್ಷದ ಶನಿವಾರಗಳು ಒಂದಕ್ಷರಕ್ಕೂ ಉಪಯೋಗಕ್ಕೆ ಬರಲಿಲ್ಲ.

"ಕೆಲಸದ ಮಾತೇನಲ್ಲ ಬಿಡಿ," ಎಂದಳು ಕೊಲೀನ್. "ಯಾವುದೋ ಫುಟ್‌ಬಾಲ್ ತಂಡದ ಜಗಳ."

ರಾಕ್ಸಾನ್ ಮೊಮ್ಮಗಳನ್ನೇ ನೋಡಿದಳು. ನೋಡಿ ನನ್ನ ಕಡೆ ತಿರುಗಿ ಹೇಳಿದಳು: "ಹದಿನೈದು ವರ್ಷ ಸಾಕಿದೀನಿ. ಇವಳು ಮಾತಿನ ಮಧ್ಯೆ ಅಡ್ಡ ಬರೋ ಹುಡುಗಿ ಅಂತ ನಂಗೆ ಗೊತ್ತೇ ಇರ್ಲಿಲ್ಲ."